ದಿಲ್ಲಿ ವಿಮಾನ ಉದುರಿಸಿದ ಹೂವು

ಮಾರತ್ತಹಳ್ಳಿ, ಬೆಂಗಳೂರು
1 ಜೂನ್ 2008, ಭಾನುವಾರ

ನನ್ನ ಟೊಂಕದ ಮೇಲೆ ಕೂತು ಬೆಳೆದ ತಮ್ಮ ಭೀಮಾಶಂಕರನಿಗೆ, ಅಕ್ಕ ಅಮೃತಮ್ಮನ ತುಂಬು ಹರಕೆ.

ಹೇಗಿದ್ದೀ? ದಿಲ್ಲಿಯ ಬಿಸಿಲಿಗೆ ಡಾಂಬರು ಕರಗುತ್ತದೆ ಎಂದು ಟಿವಿಯಲ್ಲಿ ತೋರಿಸಿದರು. ನೋಡಲಾರದೆ ಟಿವಿಯವನಿಗೇ ಬೈದು ಬಂದ್ ಮಾಡಿದೆ. ನಿನ್ನ ಮೊಣಕಾಲು ಹೇಗಿದೆ? ದಿನವಿಡೀ ಮೊಣಕಾಲೂರಿ ಕಲ್ಲು ಹಾಸುವವನು ಕೆಳಗೆ ಒಂದು ಗೋಣಿತಟ್ಟು ಮಡಚಿ ಹಾಕಿಕೊ ಎಂದು ಎಷ್ಟು ಸಲ ಹೇಳಲಿ? ಪಾಲಿಶ್ ಮಷೀನು ಹಿಡಿದಾಗ ಬಾಯಿಗೆ ಬಟ್ಟೆ ಕಟ್ಟಿಕೊ. ಕಲ್ಲಿನ ಧೂಳು ಎದೆಗೆ ಹೋದರೆ ಹೊರಗೆ ಬರುವುದಿಲ್ಲ. ಲಕ್ಷ್ಮಿದೇವಿಗೆ ಅಲ್ಲಿಯ ನೀರು ಒಗ್ಗಿತೆ? ನಿನ್ನ ಹೆಂಡತಿ ಬಾಯಿ ಬಿಟ್ಟು ಏನೂ ಹೇಳುವವಳಲ್ಲ, ನೀನೇ ಕೇಳಿ ತಿಳಿದುಕೊ. ಸಣ್ಣವನು ಹಿಂದಿ ಕಲಿತನಂತೆ, ಕಲಿಯಲಿ. ಆದರೆ ಫೋನಿನಲ್ಲಿ ನನ್ನನ್ನು ಇನ್ನೊಂದು ಸಲ ‘ಬುವಾಜಿ’ ಅಂದರೆ ಬಂದು ಬಡಿಯುತ್ತೇನೆ ಎಂದು ಹೇಳು. ನಾನು ಅವನ ಅತ್ತಿ. ನನ್ನ ಸುದ್ದಿ ಕೇಳಿದರೆ, ರೊಟ್ಟಿ ಬಡಿದು ಬಡಿದು ಬಲಭುಜ ಹಿಡಿದುಕೊಂಡಿದೆ. ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುವ ಸಾಲೇಹಾ ಎಂಥದೋ ಎಣ್ಣೆ ತಂದು ತಿಕ್ಕುತ್ತಾಳೆ. ನೋವು ಹೋಗಿಲ್ಲ, ವಾಸನೆ ಮಾತ್ರ ಹಿಟ್ಟಿಗೂ ಹತ್ತಿದೆ.

ಫೋನು ಇರುವಾಗ ಅಕ್ಕ ಪತ್ರ ಯಾಕೆ ಬರೆದಳು ಎಂದು ಗಾಬರಿ ಬೀಳಬೇಡ. ಫೋನಿನಲ್ಲಿ ನಿನ್ನ ಹಿಂದೆ ಮಷೀನು ಒದರುತ್ತಿರುತ್ತದೆ. ನೀನು ‘ಹೂಂ ಅಕ್ಕ, ಹೂಂ ಅಕ್ಕ’ ಅನ್ನುತ್ತೀ, ನನಗೆ ಸಿಟ್ಟು ಬಂದು ಕಟ್ ಮಾಡುತ್ತೇನೆ. ಪತ್ರವನ್ನಾದರೆ ನಾನೂ ಕಟ್ ಮಾಡಲಾರೆ, ನೀನೂ ನಡುವೆ ಹೂಂ ಅನ್ನಲಾರೆ. ನಾಲ್ಕನೇ ಕ್ಲಾಸಿನ ಅಕ್ಷರ, ಸೊಟ್ಟಗಿವೆ, ಓದಿಕೊ. ಇದಕ್ಕಿಂತ ನೆಟ್ಟಗೆ ಬರೆಯುವುದು ಕಲಿಯುವಷ್ಟರಲ್ಲಿ ನೀನು ಹುಟ್ಟಿದೆ, ಅವ್ವ ಹೊಲಕ್ಕೆ ಹೋಗಬೇಕಾಯಿತು, ನಮ್ಮಪ್ಪ ಪೀರಪ್ಪ ನನ್ನ ಸಾಲಿಯ ಚೀಲ ಗೂಟಕ್ಕೆ ಹಾಕಿ ನಿನ್ನನ್ನು ನನ್ನ ಟೊಂಕಕ್ಕೆ ಹಾಕಿದ. ಅದಕ್ಕೆ ನನಗೆ ಬೇಜಾರಿಲ್ಲ, ಮಾತು ಬಂತು ಎಂದು ಬರೆದೆ.

ಮೊದಲು ಇಲ್ಲಿಯ ದೊಡ್ಡ ಸುದ್ದಿ. ವಿಮಾನ ನಿಂತವು. ಹಳೆಯ ಏರ್‌ಪೋರ್ಟಿಗೆ ಬರುತ್ತಿದ್ದ ಮಂದಿಯ ವಿಮಾನಗಳೆಲ್ಲ ಹೋದ ವಾರ ದೇವನಹಳ್ಳಿಗೆ, ನೀನು ನೆಲ ಹಾಸಿದ ಹೊಸ ಏರ್‌ಪೋರ್ಟಿಗೆ ಹೋಗಿಬಿಟ್ಟವು. ಕಾರ್ಖಾನೆಯದೋ ಮಿಲಿಟರಿಯದೋ ಒಂದು ಯಾವಾಗಲಾದರೂ ಗುರ್ ಎಂದು ಹೋಗುತ್ತದೆ, ಅಷ್ಟೇ. ನಮ್ಮ ತಗಡಿನ ಮೇಲೆ ಹೊಟ್ಟೆ ಉಜ್ಜಿಕೊಂಡು ಇಳಿಯುತ್ತಿದ್ದವುಗಳಲ್ಲಿ ಒಂದೂ ಇಲ್ಲ. ಎಮ್ಮೆಗಳನ್ನೆಲ್ಲ ಮಾರಿದ ಮನೆಯ ಹಿತ್ತಲ ಹಾಗೆ ಆಗಿದೆ ಆಕಾಶ. ಗೂಟ ಇದೆ, ಹಗ್ಗ ಇದೆ, ಎಮ್ಮೆ ಇಲ್ಲ. ಬೆಳಿಗ್ಗೆ ಹಿಟ್ಟು ನಾದುತ್ತ ಕೂತರೆ ಯಾರದೋ ಮನೆಯ ಕುಕ್ಕರು, ಯಾರದೋ ಕೂಸಿನ ಅಳು, ಸಾಲೇಹಾಳ ಮಷೀನು, ಗುಲ್‌ಮೊಹರ್ ಮರದ ಕಾಗೆ, ಎಲ್ಲ ಒಂದೊಂದಾಗಿ ನೀರಿನಿಂದ ಮೇಲೆ ತೇಲಿ ಬಂದ ಹಾಗೆ ಕೇಳಿಸುತ್ತವೆ. ಇಷ್ಟು ವರ್ಷ ಇವೆಲ್ಲ ಎಲ್ಲಿದ್ದವೋ. ಒಂದೊಂದು ಸಲ ನಾನು ಎಚ್ಚರ ಇದ್ದೇನೋ ನಿದ್ದೆಯಲ್ಲಿದ್ದೇನೋ ತಿಳಿಯದೆ ರೊಟ್ಟಿ ಸೀದು ಹೋಗುತ್ತದೆ.

ನಮ್ಮ ಖಾನಾವಳಿಯ ರೂಢಿ ನಿನಗೆ ಗೊತ್ತಲ್ಲ. ತಲೆಯ ಮೇಲೆ ವಿಮಾನ ಬಂದರೆ ಮಾತಾಡುವವನು ಮಾತನ್ನು ಅಲ್ಲಿಗೇ ತಡೆದು, ತುತ್ತು ಕೈಯಲ್ಲೇ ಹಿಡಿದು, ಅದು ದಾಟಿದ ಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಸುವುದು. ಅರ್ಧ ಬೈಗುಳ ವಿಮಾನಕ್ಕೆ ಮೊದಲು, ಅರ್ಧ ಆಮೇಲೆ. ಎಷ್ಟೋ ಜಗಳ ಆ ನಡುವಿನಲ್ಲಿ ತಾವಾಗಿಯೇ ತಣ್ಣಗಾಗುತ್ತಿದ್ದವು. ಈಗ ವಿಮಾನ ಇಲ್ಲ, ಆದರೂ ನಮ್ಮ ಕಡೆಯ ಹುಡುಗರು ಉಣ್ಣುತ್ತ ಕೂತವರು ಆ ಹೊತ್ತಿಗೆ ಸರಿಯಾಗಿ ಮಾತು ನಿಲ್ಲಿಸುತ್ತಾರೆ. ಮುಖ ಮೇಲೆತ್ತುತ್ತಾರೆ. ಏನೂ ಬರುವುದಿಲ್ಲ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ನಮ್ಮ ಮನೆ ಮಾಲೀಕ ಮುನಿಆಂಜನಪ್ಪ ಮಾತ್ರ ನಿಂತಲ್ಲೇ ಲಾಭ ನೋಡುವ ಮನುಷ್ಯ. “ಏನಮ್ಮ, ಏರೋಪ್ಲೇನ್ ಕಾಟ ತಪ್ತಲ್ಲ, ಇನ್ಮೇಲೆ ಇದು ಸೈಲೆಂಟ್ ಏರಿಯಾ. ಬಾಡಿಗೆ ಸ್ವಲ್ಪ ಏರಿಸ್ಬೇಕಾಗುತ್ತೆ” ಎಂದ. “ಇಷ್ಟು ವರ್ಷ ಸದ್ದು ಕೇಳಿದ್ದಕ್ಕ ಬಾಡಿಗಿ ಇಳಿಸಿದ್ರೇನ್ರೀ ಅಣ್ಣಾರ?” ಎಂದೆ. ಸುಮ್ಮನೆ ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು ಹೋದ.

ಈಗ ನಿನ್ನ ಮಗಳ ವಿಷಯ. ಪ್ರಿಯದರ್ಶಿನಿ ಪಿಯುಸಿಯಲ್ಲಿ ಫಸ್ಟ್ ಕ್ಲಾಸು ಬಂದದ್ದು ನಿನಗೆ ತಿಳಿದಿದೆ. ಅವಳಿಗೆ ಏರ್‌ಪೋರ್ಟ್ ನಡೆಸುವ ಕೆಲಸಕ್ಕೆ ಬೇಕಾದ ಡಿಗ್ರಿ ಓದಬೇಕು ಎಂದು ಆಸೆ ಇರುವುದೂ ತಿಳಿದಿದೆ. ನೀನು ಫೋನಿನಲ್ಲಿ ಹೇಳಿದ್ದು ನನಗೆ ಬಾಯಿಪಾಠ ಆಗಿದೆ. “ಅಕ್ಕ, ಏರ್‌ಪೋರ್ಟಂದ್ರ ಏನಂತ ನನಗ ಗೊತ್ತದ. ನೆಲ ಹಾಸೋತನಕ ನಮ್ದು, ಹಾಸಿದ ಮ್ಯಾಲ ಪಾಸ್ ಕಸ್ಗೊಂಡು ಹೊರಗ ಹಾಕ್ತಾರ. ಊರಿಗಿ ಹೋಗಿ ಡಿ.ಎಡ್. ಮಾಡ್ಲಿ, ಎರಡು ವರ್ಷಕ್ಕ ಮಾಸ್ತರ್ತಿ ಆಗ್ತಾಳ. ಆಮ್ಯಾಲ ನಿನ್ನ ಮನಿ ತುಂಬಿಸ್ತೀನಿ. ನಿನಗ ಕೊಟ್ಟ ಮಾತು ನನಗ ನೆನಪದ.” ಅದು ನನಗೂ ನೆನಪಿದೆ ತಮ್ಮಾ. ಅವಳ ತೊಟ್ಟಿಲ ಕಾರ್ಯದ ದಿನ ಸೋದರತ್ತಿ ಅಂತ ನಾನೇ ಅವಳ ಕಿವಿಯಲ್ಲಿ ಹೆಸರು ಉಸುರಿದೆ, ನಾನೇ ಗುಳೇದಗುಡ್ಡದ ಖಣ ತೊಟ್ಟಿಲಲ್ಲಿ ಇಟ್ಟು ‘ಇಕಿ ನನ್ನ ಕಿರಣಕುಮಾರನ ಹೆಂಡತಿ, ನನ್ನ ಸೊಸಿ’ ಎಂದು ಊರ ಮುಂದೆ ಹೇಳಿದೆ. ಆ ಖಣ ಆವತ್ತೇ ಲಕ್ಷ್ಮಿದೇವಿ ನನ್ನ ಉಡಿಗೆ ತಿರುಗಿ ಹಾಕಿ ‘ಲಗ್ನದ ದಿನ ನೀವೇ ತೊಡಿಸ್ರಿ’ ಎಂದಳು. ಇಲ್ಲಿಯ ಟ್ರಂಕಿನ ತಳದಲ್ಲಿ ಈಗಲೂ ಇದೆ.

ನೀನು ಡಿ.ಎಡ್. ಅಂದೆ, ಅವಳು ಡಿಗ್ರಿ ಅಂದಳು, ಇಬ್ಬರೂ ನನ್ನ ಜೀವ ತಿಂದಿರಿ. ಕೊನೆಗೆ ನಾನು, ಮನುಷ್ಯರ ಮಾತು ಸಾಕು, ನಮ್ಮ ಮನೆದೇವರು ತಿಂಥಣಿ ಮೋನಪ್ಪಯ್ಯನನ್ನೇ ಕೇಳೋಣ ಎಂದೆ. ಇದು ವಿಮಾನ ಇನ್ನೂ ಹಾರುತ್ತಿದ್ದಾಗಿನ ಮಾತು. ತಲೆಗೆ ನೀರು ಹಾಕಿಕೊಂಡು, ಗೋಡೆಯ ಮೇಲಿನ ಪಟದ ಗಾಜಿಗೆ ಕಣಗಿಲೆ ಹೂವಿನ ಎರಡು ಎಸಳು ಒದ್ದೆ ಮಾಡಿ ಅಂಟಿಸಿದೆ. ಬಲಗಡೆಯದು ಬಿದ್ದರೆ ಡಿಗ್ರಿ, ಎಡಗಡೆಯದು ಬಿದ್ದರೆ ಡಿ.ಎಡ್. ಕೈ ಮುಗಿದು ಕೂತೆವು. ಎಸಳು ಅಂಟಿಕೊಂಡು ಕೂತಿತ್ತು. ಅಷ್ಟರಲ್ಲಿ ತಗಡು ನಡುಗಿತು, ಪಾತ್ರೆ ನಡುಗಿದವು, ಪಟ ನಡುಗಿತು, ಎಡಗಡೆಯ ಎಸಳು ಟಪ್ಪನೆ ಬಿತ್ತು. ನಾನು ಕೈ ಮುಗಿದೆ. ನಿನ್ನ ಮಗಳು ಎದ್ದು ನಿಂತು, “ಅತ್ತಿ, ಇದು ದೇವರಲ್ಲ, ದಿಲ್ಲಿ ವಿಮಾನ! ಈ ಹೊತ್ತಿಗಿ ಬರೋದು ಅದೇ” ಎಂದು ಅಳುವುದಕ್ಕೇ ಬಂದಳು. ಸದ್ದಿನ ಮೇಲೆ ಯಾವ ವಿಮಾನ ಎಂದು ಹೇಳುವವಳು ಅವಳು. ನನಗೂ ಸಿಟ್ಟು ಬಂತು. “ದಿಲ್ಲಿಂದ ಬಂತಂದ್ರ ನಿಮ್ಮಪ್ಪನೇ ಹೇಳಿ ಕಳಿಸ್ಯಾನ ಬಿಡು” ಎಂದೆ. ಅವಳು ಆವತ್ತು ಉಣ್ಣಲಿಲ್ಲ. ಊರಲ್ಲಿ ಯಾರ ಮನೆಯಲ್ಲೂ ಇಂಥ ತಕರಾರು ಬಂದಿರಲಿಕ್ಕಿಲ್ಲ. ಅಲ್ಲಿ ಹೂವು ಬಿದ್ದರೆ ಬಿತ್ತು. ಇಲ್ಲಿ ದೇವರ ಮೇಲೆ ವಿಮಾನ ಹಾರುತ್ತದೆ. ಕೊನೆಗೆ ವಿಮಾನ ಎಲ್ಲ ದೇವನಹಳ್ಳಿಗೆ ಹೋದ ಮೇಲೆ ಇನ್ನೊಮ್ಮೆ ಕೇಳೋಣ ಎಂದು ಒಪ್ಪಂದ ಆಯಿತು.

ಒಪ್ಪಂದ ಆಯಿತು ಎಂದು ನಾನು ಸುಮ್ಮನೆ ಕೂರುವವಳೆ? ಇವಳು ಓದಬೇಕು ಅನ್ನುವುದಾದರೂ ಎಂಥದು, ನೋಡಿಯೇ ಬಿಡೋಣ ಎಂದು ಖಾನಾವಳಿಗೆ ಅರ್ಧ ದಿನ ರಜೆ ಹಾಕಿ ಅವಳ ಜೊತೆ ಇಂದಿರಾನಗರಕ್ಕೆ ಹೋದೆ. ಅಲ್ಲಿ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಇನ್‌ಸ್ಟಿಟ್ಯೂಟು. ಬಾಗಿಲಲ್ಲಿ ಥರ್ಮಾಕೋಲಿನ ವಿಮಾನ, ಒಳಗೆ ಮೈ ನಡುಗುವಷ್ಟು ಎ.ಸಿ. ಟೈ ಕಟ್ಟಿದ ಒಬ್ಬ ಹುಡುಗ “ಆಂಟಿ, ಏವಿಯೇಷನ್ ಮ್ಯಾನೇಜ್‌ಮೆಂಟ್, ಹಂಡ್ರೆಡ್ ಪರ್ಸೆಂಟ್ ಪ್ಲೇಸ್‌ಮೆಂಟ್” ಎಂದು ಶುರು ಮಾಡಿದ. “ಮೊದ್ಲು ಆ ಎ.ಸಿ. ಕಮ್ಮಿ ಮಾಡಪ್ಪ, ಆಮ್ಯಾಲ ಮಾತಾಡು” ಎಂದೆ. ಓದು ಮುಗಿದ ಮೇಲೆ ಡಿಗ್ರಿ ಕೊಡುವವರು ಯಾರು ಎಂದು ಕೇಳಿದೆ. ಫಾರಿನ್ ಅಂದ. ಯಾವ ಫಾರಿನ್ ಅಂದೆ. ಸರ್ ಬಂದ ಮೇಲೆ ಹೇಳ್ತಾರೆ ಅಂದ. ಇಲ್ಲಿ ಓದಿ ಕೆಲಸಕ್ಕೆ ಸೇರಿದ ಒಂದು ಹುಡುಗಿಯನ್ನು ತೋರಿಸು ಅಂದರೆ ಗೋಡೆಯ ಫೋಟೋ ತೋರಿಸಿದ. ಅದೇ ಹುಡುಗಿ ನಮ್ಮ ಬೀದಿಯ ಔಷಧಿ ಅಂಗಡಿಯ ಕ್ಯಾಲೆಂಡರಿನಲ್ಲಿ ಹಲ್ಲುಪುಡಿ ಹಿಡಿದು ನಿಂತಿದ್ದಾಳೆ! ನಾನು ಬೈಯಲಿಲ್ಲ, ಸತ್ಯವಾಗಿ. ಪ್ರಿಯಾ ನನ್ನ ಸೆರಗು ಎಳೆಯುತ್ತಿದ್ದಳು. ಮೆಟ್ಟಿಲು ಇಳಿಯುವಾಗ ಸ್ವಲ್ಪ ಬೈದೆ. ನಿನ್ನ ಮಗಳ ಮುಖ ಬಾಡಿತ್ತು. ನನಗೆ, ಡಿ.ಎಡ್. ಗೆದ್ದಿತು ಎಂದು ಒಳಗೊಳಗೇ ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

ಈ ಕಥೆ ಕೇಳಿದ ಸಾಲೇಹಾ, “ಅಕ್ಕಾ, ಬೋರ್ಡು ನೋಡ್ಕೊಂಡು ಯಾಕ್ ಅಲೀತೀರ? ನಮ್ ತಂಗಿ ಮಗಳು ಜಹನಾರಾ ಏರ್‌ಪೋರ್ಟ್‌ನಲ್ಲೇ ಇದ್ದಾಳೆ, ಅವಳನ್ನ ಕೇಳಿ” ಎಂದಳು. ಶಿವಾಜಿನಗರದ ಬಸ್ಸು ಹತ್ತಿ, ಅಲ್ಲಿಂದ ಪುಲಿಕೇಶಿನಗರಕ್ಕೆ ಹೋದೆವು. ಮಾಸ್ಕ್ ರೋಡಿನ ಒಳಗಿನ ಒಂದು ಹಳೆಯ ಹೆಂಚಿನ ಮನೆ. ಜಹನಾರಾ ಹೊಸ ಏರ್‌ಪೋರ್ಟಿಗೆ ಹಾಕಿಕೊಂಡು ಹೋಗುವ ಕೋಟಿಗೆ ಇಸ್ತ್ರಿ ಮಾಡುತ್ತಿದ್ದಳು. ಅವಳು ಟರ್ಮಿನಲ್ಲಿನ ಡ್ಯೂಟಿ ನೋಡಿಕೊಳ್ಳುವ ಆಫೀಸರು, ವಯಸ್ಸು ಕಿರಣನಿಗಿಂತ ಸ್ವಲ್ಪ ಹೆಚ್ಚು. ನಾನು ನೇರವಾಗಿಯೇ ಕೇಳಿದೆ, ಇದು ಟ್ರೇ ಹಿಡಿದು ನಗುವ ಕೆಲಸವೋ ಹೇಗೆ ಎಂದು. ಅವಳು ಇಸ್ತ್ರಿ ನಿಲ್ಲಿಸಿ ನಕ್ಕಳು. “ಅಮ್ಮ, ಅದು ಬೇರೆ. ಆ ಹುಡ್ಗೀರು ಪ್ಲೇನ್ ಜೊತೆ ಹೋಗ್ತಾರೆ. ಪ್ಲೇನು ಬರುತ್ತೆ, ಹೋಗುತ್ತೆ. ಮಿಕ್ಕಿದ್ದೆಲ್ಲ ನಮ್ದು. ಬ್ಯಾಗು, ಬೆಲ್ಟು, ಲೈಟು, ನಲ್ಲಿ, ವ್ಹೀಲ್‌ಚೇರು, ಕಳೆದೋದ ಮಕ್ಳು, ಮಂಜು ಬಿದ್ದು ಪ್ಲೇನ್ ಲೇಟಾದ್ರೆ ಕಿರುಚೋ ಜನ. ಯಾರನ್ನ ಎಲ್ಲಿ ಕೂರಿಸ್ಬೇಕು, ಯಾವ ಗೇಟು, ಯಾರಿಗೆ ಮೊದ್ಲು ಅನ್ನೋದು.” ನಾನೆಂದೆ, “ಹಂಗಂದ್ರ ರೆಕ್ಕಿ ಇರೋ ಖಾನಾವಳಿ ಅನ್ನು.” ಅವಳ ತಾಯಿ ಒಳಗಿನಿಂದ ಜೋರಾಗಿ ನಕ್ಕರು.

ಓದಿನ ಬಗ್ಗೆ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನಿಧಾನವಾಗಿ ಓದು. “ಏವಿಯೇಷನ್ ಅಂತ ಬೋರ್ಡ್ ಹಾಕಿರೋ ಕೋರ್ಸೆಲ್ಲ ಮೋಸ ಅಂತಲ್ಲ ಅಮ್ಮ. ಆದ್ರೆ ಮೊದ್ಲು ಯಾವ ಯೂನಿವರ್ಸಿಟಿ ಅಂತ ಕೇಳಿ, ಡಿಗ್ರಿ ಗಟ್ಟಿ ಇರ್ಬೇಕು. ನಾನು ಮಾಡಿದ್ದು ಮಾಮೂಲಿ ಬಿ.ಕಾಂ. ಇವಳು ಬಿಬಿಎಂ ಮಾಡ್ಲಿ. ಲೆಕ್ಕ, ಕಾನೂನು, ಜನರನ್ನ ನಡೆಸೋದು ಎಲ್ಲ ಅದರಲ್ಲಿದೆ. ಜೊತೆಗೆ ಇಂಗ್ಲಿಷ್ ನಾಲಿಗೆ ಮೇಲೆ ಕೂರ್ಬೇಕು, ಹಿಂದಿನೂ. ಮೂರು ವರ್ಷ ಆದ್ಮೇಲೆ ಏರ್‌ಪೋರ್ಟ್ ಮ್ಯಾನೇಜ್‌ಮೆಂಟ್‌ಗೇ ಅಂತ ಮುಂದೆ ಓದ್ಬಹುದು, ಇಲ್ಲ ನನ್ ಥರ ಕೌಂಟರ್‌ಗೆ ಸೇರಿ ಮೇಲೆ ಹತ್ಬಹುದು. ಆಗ ಬೇಡ ಅನ್ನಿಸಿದ್ರೆ ಆ ಡಿಗ್ರಿ ಬ್ಯಾಂಕಿಗೂ ಆಗುತ್ತೆ, ಟೀಚರ್ ಆಗೋಕೂ ಆಗುತ್ತೆ. ಈಗ್ಲೇ ಒಂದೇ ಬಾಗಿಲಿಗೆ ಯಾಕ್ ತಲೆ ಕೊಡ್ತೀರ?” ಆಮೇಲೆ ಪ್ರಿಯಾಳ ಕಡೆ ತಿರುಗಿ, “ಒಂದ್ಮಾತು ಕೇಳ್ಕೊ. ಹಬ್ಬಕ್ಕೆ ಎಲ್ರೂ ಊರಿಗ್ ಹೋಗ್ತಾರೆ, ಕಳಿಸೋರು ನಾವು. ನಮ್ಗೆ ಹಬ್ಬ ಇಲ್ಲ” ಎಂದಳು. ಪ್ರಿಯಾ ತಲೆ ಆಡಿಸಿದಳು, ಅದೇ ಬೇಕು ಅನ್ನುವವರ ಹಾಗೆ. ಚಹಾ ತಂದ ಅವಳ ತಾಯಿ ನನ್ನ ಕಿವಿಯ ಹತ್ತಿರ, “ಶಿಫ್ಟ್ ಡ್ಯೂಟಿ ಅಂತ ಬಂದ ಸಂಬಂಧ ಎಲ್ಲ ವಾಪಸ್ ಹೋದ್ವು ಬಹೆನ್. ಅತ್ತೆ ಆಗೋರು ಒಪ್ಪಲ್ಲ” ಎಂದರು. ಅತ್ತೆ ಆಗಬೇಕಾದವಳು ನಾನೇ ಎಂದು ಅವರಿಗೇನು ಗೊತ್ತು. ಚಹಾ ನಾಲಿಗೆ ಸುಟ್ಟಿತು.

ಹೊರಡುವಾಗ ಜಹನಾರಾ, ಹೊಸ ಟರ್ಮಿನಲ್ಲಿನ ನೆಲ ನೋಡಬೇಕು ಅಮ್ಮ, ನೀರಿನ ಮೇಲೆ ನಡೆದ ಹಾಗಿರುತ್ತದೆ ಎಂದಳು. ಅದರಲ್ಲಿ ನನ್ನ ತಮ್ಮ ಹಾಸಿದ ಕಲ್ಲಿದೆ ಎಂದೆ. “ಹೌದಾ? ಹಂಗಾದ್ರೆ ಜಾರಿ ಬಿದ್ರೆ ನಿಮ್ಮನೆಗೇ ಬಂದು ಜಗಳ ಆಡ್ತೀನಿ” ಎಂದಳು. ಒಳ್ಳೆಯ ಹುಡುಗಿ. ರೊಟ್ಟಿ ಕಳಿಸುತ್ತೇನೆ ಎಂದು ಹೇಳಿ ಬಂದಿದ್ದೇನೆ.

ಬಸ್ಸಿನಲ್ಲಿ ಪ್ರಿಯಾ ಕಿಟಕಿಗೆ ಮುಖ ಹಚ್ಚಿ ಕೂತಳು. ಹಲಸೂರಿನ ಕೆರೆ ಬಂದು ಹೋಯಿತು. ಅವಳ ಉಸಿರಿಗೆ ಗಾಜು ಮಂಜಾಗುವುದು, ಅವಳು ಓಢಣಿಯಿಂದ ಒರೆಸುವುದು ನೋಡುತ್ತ ನನಗೆ ನಿನ್ನ ಆ ಭಾನುವಾರ ನೆನಪಾಯಿತು. ನೀನು ದಿಲ್ಲಿಗೆ ಹೋಗುವ ಮುಂಚೆ ನಮ್ಮನ್ನು ದೇವನಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ನಿನ್ನ ಕೈಯಿಂದ ಪಾಸು ತೆಗೆದುಕೊಂಡು ಆಗಿತ್ತು, ಕಾವಲಿನವನು ಒಳಗೆ ಬಿಡಲಿಲ್ಲ, ನಾನು ಅವನ ಜೊತೆ ಜಗಳ ತೆಗೆದೆ. ನೀವಿಬ್ಬರೂ ಗಾಜಿನ ಗೋಡೆಗೆ ಮುಖ ಒತ್ತಿ ನಿಂತಿದ್ದಿರಿ. ಒಳಗೆ ಒಬ್ಬರೂ ಇರಲಿಲ್ಲ, ನೆಲ ಮಾತ್ರ. ಸಂಜೆಯ ಬಿಸಿಲು ಒಂದು ಕಡೆಯಿಂದ ಒಳಗೆ ಬಂದು, ನೆಲದ ಮೇಲೆ ಹರಿದು, ಆ ತುದಿಯಲ್ಲಿ ಹೊರಗೆ ಹೋಗುತ್ತಿತ್ತು. ಕಂಬಗಳು ತಮ್ಮ ನೆರಳಿನ ಮೇಲೆ ತಾವೇ ನಿಂತಿದ್ದವು. “ಆ ಕಂಬದಿಂದ ಈ ಕಡಿ ಎಲ್ಲಾ ನಂದು” ಎಂದೆ ನೀನು. ಅವಳು ಎಷ್ಟೋ ಹೊತ್ತು ನೋಡಿ, “ಅಪ್ಪಾ, ಇನ್ಮ್ಯಾಲ ಇದನ್ನ ಯಾರು ನಡಸ್ತಾರ?” ಎಂದು ಕೇಳಿದಳು. ಸಾಹೇಬರು ಅಂದೆ ನೀನು. “ಸಾಹೇಬ್ರಾಗಬೇಕಂದ್ರ ಏನ್ ಓದಬೇಕು?” ಅಂದಳು. ನೀನು ನಕ್ಕುಬಿಟ್ಟೆ. ಅವಳು ನಗಲಿಲ್ಲ ಭೀಮೂ. ನಾನು ನೋಡುತ್ತಿದ್ದೆ. ಅವಳ ಕಣ್ಣು ನೆಲವನ್ನು ನೋಡುತ್ತಿರಲಿಲ್ಲ, ಆ ನೆಲದ ಮೇಲೆ ಇನ್ನೂ ಬಂದಿಲ್ಲದ ಮಂದಿಯನ್ನು ನೋಡುತ್ತಿತ್ತು. ಪೆಟ್ಟಿಗೆ ಎಳೆಯುವವರು, ಅಳುವವರು, ತಬ್ಬಿಕೊಳ್ಳುವವರು. ಎಲ್ಲರೂ ಹೊರಟೇ ಇರುವ ಒಂದು ಊರು, ಆ ಊರಿಗೂ ಒಂದು ಮನೆಯೊಡತಿ ಬೇಕಲ್ಲ ಅನ್ನುವ ಹಾಗೆ.

ಸರಿ, ವಿಮಾನ ನಿಂತವು. ಮೊನ್ನೆ ಮಧ್ಯಾಹ್ನ, ಉಣ್ಣುವವರೆಲ್ಲ ಹೋದ ಮೇಲೆ, ಒಪ್ಪಂದದಂತೆ ಮತ್ತೆ ಎಸಳು ಅಂಟಿಸಿದೆವು. ಬಲಕ್ಕೆ ಡಿಗ್ರಿ, ಎಡಕ್ಕೆ ಡಿ.ಎಡ್. ತಗಡು ಸುಮ್ಮನಿತ್ತು. ಪಾತ್ರೆಗಳು ಸುಮ್ಮನಿದ್ದವು. ತಗಡಿನ ಸಣ್ಣ ತೂತಿನಿಂದ ಒಂದು ಬಿಸಿಲ ಕೋಲು ಇಳಿದು ಅದರಲ್ಲಿ ಹಿಟ್ಟಿನ ಧೂಳು ಏರುತ್ತ ಇಳಿಯುತ್ತ ಇತ್ತು. ಎಸಳು ಬೀಳಲಿಲ್ಲ. ಬಿಸಿಲ ಕೋಲು ಒಲೆ ದಾಟಿ ಗೋಡೆ ಹತ್ತಿತು, ಎಸಳು ಬೀಳಲಿಲ್ಲ. ನಿನ್ನ ಮಗಳು ಗೋಡೆಗೆ ಒರಗಿ ನಿದ್ದೆ ಹೋದಳು, ನನಗೂ ಕಣ್ಣು ಎಳೆಯಿತು. ಕನಸೋ ಏನೋ, ಆ ದೊಡ್ಡ ನೆಲ ಕೆರೆಯ ಹಾಗೆ ಹರಡಿತ್ತು. ನಾನು ರೊಟ್ಟಿಯ ಬುಟ್ಟಿ ಹೊತ್ತು ಅದರ ಮೇಲೆ ನಡೆಯುತ್ತಿದ್ದೆ, ಕಾಲು ಒದ್ದೆ ಆಗುತ್ತಿರಲಿಲ್ಲ. ಕೆಳಗೆ ನೋಡಿದರೆ ನೀನು. ನೆಲದ ಆ ಕಡೆಯಿಂದ, ತಲೆಕೆಳಗಾಗಿ, ಮೊಣಕಾಲೂರಿ ಉಜ್ಜುತ್ತಿದ್ದೆ. ನಿನ್ನ ಅಂಗೈ ಮೇಲೆ ಯಾರದೋ ಕಪ್ಪು ಬೂಟು ಟಕ್ ಟಕ್ ಎಂದು ಹೆಜ್ಜೆ ಇಡುತ್ತ ಬಂತು. ನೀನು ತಲೆ ಎತ್ತಿ ನೋಡಿ ನಗುತ್ತಿದ್ದೆ. ಬೂಟು ಹಾಕಿದವಳ ಮುಖ ನೋಡಬೇಕು ಅನ್ನುವಷ್ಟರಲ್ಲಿ ಬಾಗಿಲ ಸದ್ದಾಯಿತು.

ಕಿರಣ ಗ್ಯಾರೇಜಿನಿಂದ ಉಣ್ಣಲು ಬಂದಿದ್ದ. ಪ್ರಿಯಾ ಅರ್ಧ ಕಣ್ಣು ತೆರೆದು, ನಿದ್ದೆಯ ದನಿಯಲ್ಲಿ, “ಕಿರಣಣ್ಣಾ, ಒಂದೀಟು ನೀರು ಕೊಡು” ಎಂದಳು. ಅವನು ಕೊಡದಿಂದ ನೀರು ಬಗ್ಗಿಸಿ, “ತಗೊ ತಂಗಿ” ಎಂದು ಕೊಟ್ಟ. ಕೊಟ್ಟ ಮೇಲೆ ಇಬ್ಬರಿಗೂ ನಾನು ಎಚ್ಚರ ಇದ್ದದ್ದು ಕಂಡಿತು. ನಮ್ಮಲ್ಲಿ ಲಗ್ನಕ್ಕೆ ಇ‌ಟ್ಟ ಹುಡುಗಿ ಹುಡುಗನನ್ನು ಅಣ್ಣಾ ಅಂದರೆ ಏನು ಅರ್ಥ ಎಂದು ನಿನಗೆ ಬರೆದು ತಿಳಿಸಬೇಕಿಲ್ಲ. ಅವನ ಕಿವಿ ಕೆಂಪಾದವು. ಆದರೂ ನನ್ನ ಮಗ, ಬಾಯಿ ಸುಮ್ಮನಿರುವುದಿಲ್ಲ. “ಅವ್ವಾ, ಹಿಂಗ ಕರ್ಯಾಕ ಹತ್ತಿ ಭಾಳ ದಿನ ಆಯ್ತು. ವಿಮಾನದ ಸದ್ದಿನಾಗ ನಿನಗ ಕೇಳಿಲ್ಲ ಅಷ್ಟೇ” ಎಂದ. ನನ್ನ ಸಿಟ್ಟು ನಿನಗೆ ಗೊತ್ತು. ಕೈಯ ಹತ್ತಿರ ಇದ್ದ ರೊಟ್ಟಿ ಬುಟ್ಟಿ ಎತ್ತಿ ಒಗೆದೆ. ಅದು ಗೋಡೆಗೆ ಬಡಿಯಿತು, ಪಟ ನಡುಗಿತು, ಎರಡೂ ಎಸಳು ಒಟ್ಟಿಗೇ ಕೆಳಗೆ ಬಿದ್ದವು. ಆಮೇಲೆ ನಿನ್ನ ಮಗಳು ಮೆಲ್ಲಗೆ, “ಅತ್ತಿ, ಇದು ಯಾವ ಊರಿನ ವಿಮಾನ?” ಎಂದು ಕೇಳಿದಳು. ನಗು ತಡೆಯಬೇಕೆಂದು ಎಷ್ಟು ನೋಡಿದರೂ ಆಗಲಿಲ್ಲ. ಮೂವರೂ ನೆಲದ ಮೇಲೆ ಕೂತು ರೊಟ್ಟಿ ಆರಿಸಿದೆವು. ಕಟಕ ರೊಟ್ಟಿ ಎಲ್ಲ ಪುಡಿ ಆಗಿದ್ದವು. ಮೊಸರು ಹಾಕಿ, ಶೇಂಗಾ ಹಿಂಡಿ ಕಲಸಿ ಅದನ್ನೇ ಉಂಡೆವು. ಮೋನಪ್ಪಯ್ಯ ಎರಡೂ ಉದುರಿಸಿ ಹೇಳಿದ್ದು ಒಂದೇ: ನನ್ನ ಕೇಳಬ್ಯಾಡ, ನೀವೇ ನೋಡ್ಕೊರಿ.

ಅಣ್ಣ ತಂಗಿಯ ಮಾತಿಗೆ ನಾನು ಏನು ಹೇಳಬೇಕು ಅನ್ನುವುದು ಈ ಸಾಲು ಬರೆಯುವಾಗಲೂ ನನಗೆ ಗೊತ್ತಿಲ್ಲ, ಅದನ್ನು ಬಿಡು. ಓದಿನದು ಹೇಳುತ್ತೇನೆ. ಕೆ.ಆರ್. ಪುರದ ಡಿಗ್ರಿ ಕಾಲೇಜಿನಲ್ಲಿ ಬಿಬಿಎಂ. ಥರ್ಮಾಕೋಲಿನ ವಿಮಾನ ಇಲ್ಲ, ಎ.ಸಿ. ಇಲ್ಲ, ಬೇವಿನ ಮರ ಇದೆ. ಡಿಗ್ರಿ ಬೆಂಗಳೂರು ಯೂನಿವರ್ಸಿಟಿಯದು, ಆಫೀಸಿನವರ ಬಾಯಿಂದ ಎರಡು ಸಲ ಕೇಳಿಸಿಕೊಂಡು ಬಂದಿದ್ದೇನೆ. ಬರುವ ಶನಿವಾರ ಸೇರಿಸಲು ಕೊನೆಯ ದಿನ. ಜಹನಾರಾ ಭಾನುವಾರ ರಜೆ ಸಿಕ್ಕಾಗಲೆಲ್ಲ ಇಂಗ್ಲಿಷ್ ಮಾತಾಡಿಸುತ್ತೇನೆ ಕಳಿಸಿ ಎಂದಿದ್ದಾಳೆ. ನೀನು ಹೇಳಿದ್ದರಲ್ಲಿ ಒಂದು ಮಾತು ಸರಿ, ನೆಲ ಹಾಸಿದವನನ್ನು ಹೊರಗೆ ಹಾಕುತ್ತಾರೆ. ಆ ಸಿಟ್ಟು ನಿನ್ನ ಎದೆಯಲ್ಲಿ ಕಲ್ಲಿನ ಧೂಳಿಗಿಂತ ಹೆಚ್ಚು ತುಂಬಿದೆ, ನನಗೆ ಗೊತ್ತು. ಆದರೆ ಅದಕ್ಕೆ ಮಗಳನ್ನೂ ಗಾಜಿನ ಹೊರಗೇ ನಿಲ್ಲಿಸುವುದು ಯಾವ ನ್ಯಾಯ? ಮಾಸ್ತರ್ತಿ ಕೆಲಸ ಕೆಟ್ಟದ್ದಲ್ಲ. ಆದರೆ ಬೇಕು ಅನ್ನುವವಳು ಮಾಡಬೇಕಾದ ಕೆಲಸ ಅದು. ಬೇಡವಾದವಳು ಕರಿಹಲಗೆಯ ಮುಂದೆ ನಿಂತರೆ ಮಕ್ಕಳ ಗತಿ ಏನು? ‘ಮತ್ತೆ ಅಕ್ಕನಿಗೆ ಕೊಟ್ಟ ಮಾತು?’ ಎಂದು ನೀನು ಕೇಳುತ್ತೀ. ಕೇಳು. ಭುಜ ನೋಯುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಲಕ್ಷ್ಮಿದೇವಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳು. ಸಣ್ಣವನ ಕೆನ್ನೆಗೆ ನನ್ನದೊಂದು ಮುತ್ತು. ಮೋನಪ್ಪಯ್ಯ ನಿನ್ನ ಮೊಣಕಾಲು ಕಾಯಲಿ, ನೀನು ಊರಿದ ಕಡೆಯೆಲ್ಲ ನೆಲ ತಂಪಾಗಿರಲಿ.

ನಿನ್ನನ್ನು ಹೊತ್ತು ಬೆಳೆಸಿದ
ಅಕ್ಕ ಅಮೃತಮ್ಮ

ತಾ.ಕ.: ಸೋಮವಾರ ಬೆಳಿಗ್ಗೆ. ಕಿರಣ ಸ್ಪೀಡ್ ಪೋಸ್ಟಿಗೆ ಹಾಕಲು ಹೊರಗೆ ಗಾಡಿ ಚಾಲೂ ಮಾಡಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ತೊಟ್ಟಿಲ ಮುಂದೆ ಮಾತು ಆಡಿದವಳು ನಾನು, ಅದನ್ನು ತಿರುಗಿ ತೆಗೆದುಕೊಳ್ಳುವ ಹಕ್ಕೂ ನನ್ನದೇ. ತೆಗೆದುಕೊಂಡೆ. ಊರಲ್ಲಿ ಯಾರಾದರೂ ಕೇಳಿದರೆ ಅಮೃತಮ್ಮನೇ ಒಲ್ಲೆ ಅಂದಳು ಅನ್ನು, ನಿನ್ನ ಮೇಲೆ ಮಾತು ಬರಬಾರದು. ಟ್ರಂಕಿನ ತಳದ ಆ ಖಣ ತೆಗೆದು ಸಾಲೇಹಾಗೆ ಕೊಟ್ಟಿದ್ದೆ. ಅದಕ್ಕೆ ಒಳಗೆ ಗಟ್ಟಿ ಬಟ್ಟೆ ಹಚ್ಚಿ ಕಾಲೇಜಿಗೆ ಪುಸ್ತಕದ ಚೀಲ ಹೊಲಿದಿದ್ದಾಳೆ. ಚಂದ ಆಗಿದೆ. ಹಿಡಿಕೆ ಸ್ವಲ್ಪ ಉದ್ದ ಆಯಿತು ಎಂದು ನಾನು ಜಗಳ ಮಾಡಿದೆ. ಗೂಟಕ್ಕೆ ಹಾಕಿದೆ, ಪ್ರಿಯಾಳಿಗೆ ಇನ್ನೂ ತೋರಿಸಿಲ್ಲ, ನೀನು ಹೂಂ ಅಂದ ಮೇಲೆ ಇಳಿಸುತ್ತೇನೆ. ಕಾಗದ ಮುಟ್ಟಿದ ಕೂಡಲೆ ಮಷೀನು ಬಂದ್ ಮಾಡಿ, ದೂರ ಬಂದು ನಿಂತು ಫೋನ್ ಮಾಡು. ಮೆಲ್ಲಗೆ ಹೇಳಿದರೂ ಸಾಕು. ಈಗ ಇಲ್ಲಿ ಎಲ್ಲ ಕೇಳಿಸುತ್ತದೆ.